ಅಂಚು

ಬಾಡಿಗಿ ಪುಸ್ತಕದಂಗಡಿ ಕೊಟಬಾಗಿಯವರು
ಗೋಣಿಚೀಲದಾಗ ಹದಿನೇಳು ಪುಸ್ತಕ ತಂದು
ನನ್ನ ಮೇಜಿನ ಮ್ಯಾಲ ಸುರುವಿ ಹೋದರು.
"ಹೊಲೀರಿ, ರಟ್ಟು ಹಾಕ್ರಿ, ಅಂಚು ಸಪಾಟ ಕತ್ತರಸ್ರಿ,
ಮಂದಿ ಗೀಚಿ ಗೀಚಿ ಹೊಲಸ ಮಾಡ್ಯಾರ."

ಹದಿನಾರು ಸುಮ್ಮನ ಕುಂತಿದ್ದವು.
ಹದಿನೇಳನೇದು ಮಾತಾಡತಿತ್ತು.

ಕಥಿ ಇಷ್ಟ: ಬೆನ್ನಿಗೆ ರೆಕ್ಕಿ ಮೂಡಿದ ಒಬ್ಬ ಸೇನಾನಿ
ಉಲ್ಕಾ ಅನ್ನಾಕಿಯ ಊರು ಸುಟ್ಟಾನ.
ಆಕಿ ಅವನ ಎದಿಗೆ ಕತ್ತಿ ಇಟ್ಟಾಳ.
ಮುನ್ನೂರ ಎಂಬತ್ತು ಪುಟದ ಪುಸ್ತಕ;
ಕತ್ತಿ ನೂರಾ ತೊಂಬತ್ತರಾಗ ಕೆಳಗ ಬೀಳತೈತಿ.

ನಲವತ್ತೊಂದರಾಗ ಪೆನ್ಸಿಲ್ಲು, ದುಂಡನ್ನ ಅಕ್ಷರ:
"ಇವನು ಕೆಟ್ಟವನಲ್ಲ. ಕಣ್ಣು ನೋಡಿದರೆ ಗೊತ್ತಾಗುತ್ತದೆ."
ಕೆಳಗ ನೀಲಿ ಪೆನ್ನು, ಹಾಳಿ ಹರಿಯೂಹಾಂಗ ಒತ್ತಿ:
"ಪುಸ್ತಕದಾಗ ಕಣ್ಣು ಎಲ್ಲಿ ನೋಡಿದಿರಿ?"

ನೂರಾ ಅರವತ್ತರಾಗ ಎರಡು ಬಸ್ ಟಿಕೀಟು:
ಒಂದು ಗದಗದಿಂದ ಹುಲಕೋಟಿಗೆ,
ಇನ್ನೊಂದು, ಅದೇ ತಾರೀಖು, ಅಣ್ಣಿಗೇರಿಯಿಂದ
ತಿರುಗಿ ಹುಲಕೋಟಿಗೆ.
ಪುಣ್ಯಾತ್ಮರು ಯಾರೋ
ತಮ್ಮ ಊರು ದಾಟಿದ್ದು ನೋಡಿರಲಿಲ್ಲ.

ಹಸಿರು ಶಾಯಿ ಮಾಸ್ತರದು ಇರಬೇಕು.
ಪ್ರೀತಿ ಬಗ್ಗೆ ಒಂದು ಮಾತಿಲ್ಲ.
ಮುತ್ತಿನ ಸಾಲಿನಾಗ "ಅದರ" ಅಂತ ಅಚ್ಚಾಗಿತ್ತು,
ಗುಂಡಗ ಸುತ್ತು ಹಾಕಿ
"ಮಹಾಪ್ರಾಣ ಬೇಕು" ಅಂತ ಬರದಾರ.

ಅದೇ ಪುಟದಾಗ ಮೂರು ಮಂದಿ "ಥೂ" ಅಂದಾರ,
ಮೂರು ಥರದ ಕೈ.
ಆದರ ಪುಸ್ತಕ ಬೆನ್ನ ಮ್ಯಾಲ ಇಟ್ಟು ಬಿಟ್ಟರ
ತಾನಾಗಿ ಅಲ್ಲೇ ತೆರೀತೈತಿ,
ದಾರ ಅಲ್ಲೇ ಸಡಿಲಾಗೈತಿ,
ಮೂಲ್ಯಾಗ ಅರಿಷಿಣದ ಹೆಬ್ಬೆಟ್ಟು.
ಹೊಲಿಯಾಕಿಗೆ ಯಾರೂ ಸುಳ್ಳು ಹೇಳಾಕ ಬರೂದಿಲ್ಲ.

ನೀಲಿ ಪೆನ್ನು ಮಾತ್ರ ಸೋಲಲಿಲ್ಲ. ಇನ್ನೂರ ಮೂವತ್ತರಾಗ:
"ಆಕಿ ಅಜ್ಜಿ ಆ ಮನಿಯಾಗ ಸುಟ್ಟು ಹೋದಳು.
ಬರದವರು ಮರತಾರ, ಉಲ್ಕಾನೂ ಮರತಾಳ.
ಲೆಕ್ಕ ಯಾರು ಕೊಡತಾರ?"
ಪೆನ್ಸಿಲ್ಲು ಭಾಳ ದಿನ ಬಿಟ್ಟು ಬಂದೈತಿ, ಮೊನಿ ಮೊಂಡಾಗೈತಿ:
"ಹಿಂದೆ ಹೋಗಿ ಓದಿದೆ. ಹನ್ನೆರಡನೇ ಪುಟದಲ್ಲಿ
ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು.
ನೀವು ಹೇಳಿದ್ದು ಖರೆ."
ಆ "ಖರೆ" ನೀಲಿಯ ಮಾತು,
ಪೆನ್ಸಿಲ್ಲಿನದಲ್ಲ.

ನನಗೂ ಒಬ್ಬಾಕಿ ವೈರಿ ಅದಾಳ, ಗ್ವಾಡಿ ಆಚೆ, ಗಿರಿಜವ್ವ.
ರೆಕ್ಕಿ ಇಲ್ಲ, ಕೋಟಿ ಇಲ್ಲ, ನಳದ ಪಾಳಿ ಜಗಳ,
ಹನ್ನೊಂದು ವರ್ಷ.
ಮೊನ್ನೆ ನಾ ಪ್ರೆಸ್ಸಿನಾಗಿದ್ದಾಗ ನೀರು ಬಂದು ಹೋತು.
ಮನಿಗೆ ಬಂದರ ನನ್ನ ಎರಡೂ ಕೊಡ ತುಂಬಿ
ಬಾಗಲಕ ಇಟ್ಟಿದ್ದವು.
ನಾ ಚೆಲ್ಲಲಿಲ್ಲ. ತುಟಿನೂ ಬಿಚ್ಚಲಿಲ್ಲ.
ನಾವಿಬ್ಬರು ಎಷ್ಟನೇ ಪುಟದಾಗ ಅದೀವೋ.

ಮುನ್ನೂರ ಒಂದರ ಮುಂದ ನೀಲಿ ಇಲ್ಲ.
ವರ್ಗಾ ಆತೋ, ಲಗ್ನ ಆತೋ,
ಬ್ಯಾಸರಾಗಿ ಪುಸ್ತಕ ಬಿಟ್ಟರೋ.
ಪೆನ್ಸಿಲ್ಲು ಒಂದ ಹೊಂಟೈತಿ, ಪುಟಕ್ಕೊಂದು ಪ್ರಶ್ನಿ,
"ಇದಕ್ಕೇನಂತೀರಿ?" "ಇಲ್ಲಿ ನಗು ಬಂತೆ?"
ಕಡೀ ಪುಟದಾಗ:
"ಅವನು ಸುಟ್ಟ ಊರಿಗೆ ತಾನೇ ಕಲ್ಲು ಹೊತ್ತ.
ಅಜ್ಜಿಯ ಹೆಸರು ಕೊನೆಗೂ ಬಂತು. ಸಾಕೇ?"
ಕೆಳಗ ಮೂರು ಬೆರಳು ಬಿಳೇ ಜಾಗ.

ಕಟಿಂಗ್ ಮಷೀನಿನ ಬ್ಲೇಡಿನ ಕೆಳಗ ಇಟ್ಟು ನೋಡಿದೆ.
ಅರ್ಧ ಬೆರಳು ಹೋಗತಿತ್ತು ಅಷ್ಟ:
"ಸಾಕೇ" ಅನ್ನೂದು "ಸಾ" ಆಗತಿತ್ತು,
ಅಜ್ಜಿ ಒತ್ತಕ್ಷರ ಕಳಕೊಳ್ಳತಿದ್ದಳು,
ಅರಿಷಿಣ ಉಗುರಿನಷ್ಟ ಉಳೀತಿತ್ತು.
ಹಿಡಿಕಿ ಹಿಡದ ಕೈ ಹಿಡದಾಂಗ ನಿಂತಿತು.

ಹೊಲದೆ. ಸರೇಸು ಹಚ್ಚಿದೆ. ಕೆಂಪು ರಟ್ಟು ಹಾಕಿದೆ.
ಬ್ಯಾರೆ ಹದಿನಾರು ಕನ್ನಡಿ ಹಾಂಗ ಸಪಾಟ ಅದಾವ.
ಇದರ ಅಂಚು ಮಾತ್ರ ಇಲಿ ಕಡದಾಂಗ.
ಕಡೀಕ ನಾಕು ಖಾಲಿ ಹಾಳಿ ಸೇರಿಸೀನಿ,
ಬಿಲ್ಲಿನಾಗ ಹಾಕಿಲ್ಲ.

ನಾಳೆ ಕೊಟಬಾಗಿಯವರು ಕೇಳತಾರ:
"ಯಾಕ್ರೀ, ಬ್ಲೇಡು ಮೊಂಡಾಗಿತ್ತೇನು?"
ಹೌದ್ರಿ, ಅಂತೀನಿ.